ಆಷಾಢದ ಗಾಳಿಗೆ ಒಂದು ಬಾಲ

ಚಿಕ್ಕೋಡಿಯಿಂದ ಅಂಕಲಿ ಕಡೆ ಹೊರಟರೆ ಟ್ರ್ಯಾಲಿ ಕಟ್ಟುವ, ವೆಲ್ಡಿಂಗ್ ಮಾಡುವ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಶೆಡ್ಡುಗಳು ಸಿಗುತ್ತವೆ. ಅಂಥದೊಂದು ಶೆಡ್ಡಿನಲ್ಲಿ ನಡೆದಿರಬಹುದಾದ ಮಾತು ಇದು. ಒಬ್ಬರು ಇಚಲಕರಂಜಿಯಲ್ಲಿ ಲೇಥ್ ಕೆಲಸ ಕಲಿತು ಬಂದ ಹಿರಿಯ ಮಿಸ್ತ್ರಿ. ಇನ್ನೊಬ್ಬರು ರಾಯಬಾಗ ತಾಲೂಕಿನ ತೋಟದ ಮನೆಯಲ್ಲಿರುವ ಹೈಸ್ಕೂಲು ವಿಜ್ಞಾನದ ಮಾಸ್ತರು. ಹೆಸರು ಬೇಡ. ನಿಪ್ಪಾಣಿ, ಅಥಣಿ, ಕಾಗವಾಡ, ಎಲ್ಲಿ ಹುಡುಕಿದರೂ ಇಂಥ ಜೋಡಿ ಸಿಕ್ಕೀತು.

ಮಾಸ್ತರ: ಮಿಸ್ತ್ರಿ, ಒಂದು ಗಾಳಿಯಂತ್ರ ಮಾಡೂದೈತ್ರಿ. ಕರೆಂಟ್ ಕೊಡೂದು. ಕಂಪನಿದು ಬ್ಯಾಡ, ಇಲ್ಲೇ ನಿಮ್ಮ ಶೆಡ್ಡಿನ್ಯಾಗ.

ಮಿಸ್ತ್ರಿ: ಅಥಣಿ ದಾಟಿ ಜತ್ತ ಕಡೆ ಹೋದ್ರ ಗುಡ್ಡದ ಮ್ಯಾಲ ಸಾಲಾಗಿ ನಿಂತಾವಲ್ರಿ, ಒಂದೊಂದು ರೆಕ್ಕಿ ಲಾರಿಗಿಂತ ಉದ್ದ. ಅವನ್ನ ನೋಡಿ ಬಂದ್ರೇನು?

ಮಾಸ್ತರ: ಅವು ಮೆಗಾವ್ಯಾಟಿನವು, ಅವುಗಳ ಕರೆಂಟ್ ಗ್ರಿಡ್ಡಿಗೆ ಹೋಗತೈತಿ. ನನಗ ಬೇಕಾದದ್ದು ನಾಕು ದೀಪ, ಒಂದು ಫ್ಯಾನು, ಹುಡುಗರು ಓದಾಕ ಬೆಳಕು. ನಿಮಗ ಗೊತ್ತೈತಲ್ಲ, ಪಂಪಸೆಟ್ಟಿಗೆ ದಿನಕ್ಕ 7 ತಾಸು ತ್ರೀಫೇಸ್. ಊರಾಗ ಇದ್ದೋರಿಗೆ ಬ್ಯಾರೆ ಲೈನು. ತೋಟದಾಗ ಇರೋ ನಮಗ ರಾತ್ರಿ ಸಿಂಗಲ್ ಫೇಸ್ ಬಂದ್ರ ಬಂತು, ಇಲ್ಲಂದ್ರ ಇಲ್ಲ.

ಮಿಸ್ತ್ರಿ: ಸೋಲಾರ್ ಹಾಕಸ್ರಿ, ಮುಗೀತು. ತಿರುಗೂ ಸಾಮಾನಿಲ್ಲ, ಗ್ರೀಸ್ ಹಚ್ಚೂದಿಲ್ಲ, ಮ್ಯಾಲ ಹತ್ತೂದಿಲ್ಲ. ರೊಕ್ಕ ಲೆಕ್ಕ ಹಾಕಿದ್ರೂ ಅದ ಸೋವಿ. ನನ್ನ ಧಂದೆ ನಾನ ಕೆಡಿಸ್ಕೊಂಡು ಹೇಳಾಕತ್ತೀನಿ.

ಮಾಸ್ತರ: ಸೋಲಾರ್ ಹಾಕೀನ್ರಿ. ಯುಗಾದಿ ಹೊತ್ತಿಗೆ ಬ್ಯಾಟರಿ ತುಂಬಿ ತುಳುಕತೈತಿ. ಮಿರಗ ಕೂಡಿದ ಮ್ಯಾಲ ನೋಡ್ರಿ, ಶ್ರಾವಣ ಮುಗಿಯೂ ತನಕ ಮೋಡ ಮುಚ್ಚಿ ಬ್ಯಾಟರಿ ಅರ್ಧಕ್ಕೂ ಏರೂದಿಲ್ಲ. ಅದ ಹೊತ್ತಿಗೆ ಹೊರಗ ಗಾಳಿ ಪತ್ರಾಸ ಕಿತ್ತು ಒಗಿಯೂ ಹಂಗ ಬೀಸತೈತಿ. ಬಿಸಿಲು ಕೈಕೊಟ್ಟ ದಿನಾನ ಗಾಳಿ ಕೈ ಹಿಡಿತೈತಿ. ವರ್ಷಪೂರ್ತಿ ಗಾಳಿ ನಂಬಾಕ ನಾ ಹೇಳಾಕತ್ತಿಲ್ಲ. ಸೋಲಾರಿಗೆ ಮಳೆಗಾಲಕ್ಕೊಂದು ಜೋಡಿ ಬೇಕು, ಅಷ್ಟ.

ಮಿಸ್ತ್ರಿ: ಇದು ಮಾತು. ಗಾಳಿ ಬಂದಾಗ ತೂರಿಕೋಬೇಕು ಅಂತ ಹಿರೇರು ಅಂದದ್ದು ಕಣದ ರಾಶಿಗೆ. ಕರೆಂಟಿಗೂ ಅನ್ವಯಿಸ್ರಿ. ಈಗ ಲೆಕ್ಕ ಹೇಳ್ರಿ. ಎಷ್ಟ ದೊಡ್ಡದು, ಎಷ್ಟ ಕರೆಂಟು?

ಮಾಸ್ತರ: ರೆಕ್ಕಿ ತುದಿಯಿಂದ ತುದಿಗೆ 2.4 ಮೀಟರ್, ಅಂದ್ರ ಎಂಟು ಫೂಟು. ರೆಕ್ಕಿ ತಿರುಗೂ ವರ್ತುಲ ಸುಮಾರು ನಾಲ್ಕೂವರೆ ಚದರ ಮೀಟರ್. ನಮ್ಮ ಎತ್ತರದಾಗ ಒಂದು ಘನ ಮೀಟರ್ ಗಾಳಿ 1.1 ಕಿಲೋ ತೂಗತೈತಿ. ಸೆಕೆಂಡಿಗೆ 3 ಮೀಟರಿನ ಸಣ್ಣ ಗಾಳಿ ಬೀಸಿದ್ರ, ಸೆಕೆಂಡಿಗೆ ಹದಿನೈದು ಕಿಲೋ ಗಾಳಿ ಆ ವರ್ತುಲದಾಗ ಹಾದು ಹೋಗತೈತಿ.

ಮಿಸ್ತ್ರಿ: ಗಾಳಿಗೂ ತೂಕ! ಹೇಳ್ರಿ, ಹೇಳ್ರಿ.

ಮಾಸ್ತರ: ಅದರಾಗ 67 ವ್ಯಾಟ್ ಶಕ್ತಿ ಇರತೈತಿ. ಮನಿಯಾಗ ಮಾಡಿದ ಯಂತ್ರಕ್ಕ ಅದರಾಗಿನ ಮೂವತ್ತು ಪರ್ಸೆಂಟ್ ಸಿಕ್ಕರ ಪುಣ್ಯ. ಇಪ್ಪತ್ತು ವ್ಯಾಟ್ ಅನ್ರಿ, ಎರಡು ಎಲ್‌ಇಡಿ ಬಲ್ಬು. ಅದ ಗಾಳಿ 6 ಮೀಟರಿಗೆ ಏರಿದ್ರ 160 ವ್ಯಾಟ್.

ಮಿಸ್ತ್ರಿ: ತಡೀರಿ. ಗಾಳಿ ಎರಡು ಪಟ್ಟು, ಕರೆಂಟ್ ಎಂಟು ಪಟ್ಟು? ಲೆಕ್ಕದಾಗ ಎಲ್ಲೋ ತಪ್ಪೈತಿ.

ಮಾಸ್ತರ: ತಪ್ಪಿಲ್ಲ. ಜೋರ ಎರಡು ಪಟ್ಟಾದ್ರ ಪ್ರತಿ ಕಿಲೋ ಗಾಳಿ ಹೊತ್ತು ತರೂ ಶಕ್ತಿ ನಾಕು ಪಟ್ಟು. ಮತ್ತ ಅದ ಸೆಕೆಂಡಿನ್ಯಾಗ ಹಾದು ಹೋಗೂ ಗಾಳಿ ಹದಿನೈದು ಕಿಲೋ ಅಲ್ಲ, ಮೂವತ್ತು. ನಾಕು ಎರಡಲೆ ಎಂಟು.

ಮಿಸ್ತ್ರಿ: ಹಂಗಾರ ಮೂವತ್ತ ಪರ್ಸೆಂಟ್ ಯಾಕ? ಪೂರಾ ಹಿಡೀಬೇಕು.

ಮಾಸ್ತರ: ಪೂರಾ ಹಿಡದ್ರ ಏನಾಗತೈತಿ, ನೀವ ಹೇಳ್ರಿ.

ಮಿಸ್ತ್ರಿ: ಪೂರಾ ಹಿಡದ್ರ... ಗಾಳಿ ರೆಕ್ಕಿ ಹಿಂದ ಸತ್ತು ನಿಲ್ಲತೈತಿ. ಹಿಂದಿಂದ ಬರೂ ಗಾಳಿಗೆ ಹಾದಿ ಇಲ್ಲ. ಅದು ಅಕ್ಕಪಕ್ಕ ಸರದು ಹೋಗತೈತಿ.

ಮಾಸ್ತರ: 1919ರಾಗ ಆಲ್ಬರ್ಟ್ ಬೆಟ್ಜ್ ಅಂತ ಜರ್ಮನಿಯವ ಇದನ್ನ ಗಣಿತದಾಗ ತೋರಿಸಿದ. ಎಂಥಾ ಶಾಣ್ಯಾ ಮಾಡಿದ ಯಂತ್ರಾದ್ರೂ 59.3 ಪರ್ಸೆಂಟಿನ ಮ್ಯಾಲ ಹೋಗೂದಿಲ್ಲ. ಜತ್ತದ ಗುಡ್ಡದ ಮ್ಯಾಲಿಂದಕ್ಕೂ ಅದ ಕಾಯ್ದೆ.

ಮಿಸ್ತ್ರಿ: ಆತು. ಎಂಟು ಪಟ್ಟಿನ ಲೆಕ್ಕ ಮ್ಯಾಲಕ್ಕೂ ಹೋಗತೈತೇನು? 10 ಮೀಟರ್, 20 ಮೀಟರ್?

ಮಾಸ್ತರ: 10ಕ್ಕ 740 ವ್ಯಾಟ್. 20ಕ್ಕ... ಆರು ಕಿಲೋವ್ಯಾಟ್ ಹತ್ತತ್ರ.

ಮಿಸ್ತ್ರಿ: ಅದ ತಂತಿ, ಅದ ಬೇರಿಂಗ್, ಅದ ಕಂಬ. 740 ವ್ಯಾಟಿಗೆ ಸುತ್ತಿದ ಕಾಯಿಲ್‌ದಾಗ ಆರು ಕಿಲೋವ್ಯಾಟ್ ಹಾಯಿಸಿದ್ರ ಉಳೀತೈತೇನ್ರಿ ಮಾಸ್ತರ? ನೀವು ತಿರುಗಸೂದ ಹೇಳಿದ್ರಿ. ನಿಲ್ಲಸೂದು ಹೇಳಲೇ ಇಲ್ಲ.

ಮಿಸ್ತ್ರಿಯ ಪ್ರಶ್ನೆ ಬೀಳಬೇಕಾದ ಜಾಗಕ್ಕೇ ಬಿತ್ತು. ಮನೆಯಲ್ಲಿ ಗಾಳಿಯಂತ್ರ ಕಟ್ಟುವವರು ರೆಕ್ಕೆ ಮೊದಲ ಸಲ ತಿರುಗಿದ ಗಳಿಗೆಯ ವಿಡಿಯೊ ಹಾಕುತ್ತಾರೆ. ಮೊದಲ ಬಿರುಗಾಳಿಯ ಮರುದಿನದ ವಿಡಿಯೊ ಹಾಕುವವರು ಅಪರೂಪ. ಗಾಳಿ ಇದ್ದರೆ ಯಾವ ರೆಕ್ಕೆಯಾದರೂ ತಿರುಗೀತು, ಜಾತ್ರೆಯ ಕಾಗದದ ಗಿರಗಿಟ್ಲೆಯೂ ತಿರುಗುತ್ತದೆ. ಜೋರಾದ ಗಾಳಿಗೆ ತಾನಾಗಿ ತಲೆ ತಗ್ಗಿಸುವ ಯಂತ್ರ ಕಟ್ಟುವುದೇ ನಿಜವಾದ ಕಸುಬು.

ಮಾಸ್ತರ: ಅದಕ್ಕ ಬಾಲ ಐತ್ರಿ.

ಮಿಸ್ತ್ರಿ: ಬಾಲ ಗಾಳಿ ಕಡೆ ಮಾರಿ ತಿರುಗಸಾಕ ಅಲ್ಲೇನು?

ಮಾಸ್ತರ: ಸಣ್ಣ ಗಾಳಿಗೆ ಹೌದು. ದೊಡ್ಡ ಗಾಳಿಗೆ ಅದರ ಕೆಲಸ ಉಲ್ಟಾ. ಸ್ಕಾಟ್ಲೆಂಡಿನ ಸ್ಕೋರೇಗ್ ಅನ್ನೂ ಕಡೆ ಹ್ಯೂ ಪಿಗಟ್ ಅಂತೊಬ್ಬರು ಹತ್ತಾರು ವರ್ಷದಿಂದ ಇಂಥಾವ್ನ ಕಟ್ಟಿ, ಕಟ್ಟಾಕ ಕಲಿಸಿ, ಪುಸ್ತಕ ಬರದಾರ. ಅವರ ಮಾದರಿ ಹಿಂಗೈತಿ. ರೆಕ್ಕಿ ಚಕ್ರ ಕಂಬದ ನಟ್ಟನಡುವ ಕೂಡ್ರೂದಿಲ್ಲ, ಒಂದು ಗೇಣಿಗಿಂತ ಕಡಿಮಿ ಬಾಜೂಕ ಕೂಡತೈತಿ. ಅದಕ್ಕ ಗಾಳಿ ಚಕ್ರಾನ ಯಾವಾಗಲೂ ಒಂದ ಕಡೆ ದೂಡತಿರತೈತಿ. ತಿರುಗಿ ಹೋಗಧಂಗ ಹಿಡದಿರೂದು ಬಾಲ. ಆ ಬಾಲದ ಬಿಜಾಗ್ರಿ ನೆಟ್ಟಗಿಲ್ಲ, ಓರಿ ಮಾಡಿ ವೆಲ್ಡ್ ಮಾಡಿರತಾರ. ಬಾಲ ಮಡಚಬೇಕಂದ್ರ ಮ್ಯಾಲಕ್ಕ ಏಳಬೇಕು. ಅದರ ತೂಕಾನ ಅದನ್ನ ಕೆಳಗ ಜಗ್ಗಿ ಹಿಡದಿರತೈತಿ.

ಮಿಸ್ತ್ರಿ: ಗಾಳಿ ಜೋರಾದ್ರ ದೂಡೂದು ಹೆಚ್ಚಾತು, ಬಾಲ ಎದ್ದು ಮಡಚಿತು, ಚಕ್ರ ಗಾಳಿಗೆ ಅಡ್ಡ ತಿರುಗಿತು. ಗಾಳಿ ಇಳದ್ರ ಬಾಲ ತನ್ನ ಭಾರಕ್ಕ ತಾನ ಕೆಳಗ ಬಂದು ಚಕ್ರಾನ ಮತ್ತ ಗಾಳಿಗೆ ತರತೈತಿ. ಸ್ಪ್ರಿಂಗ್ ಇಲ್ಲ, ಏನಿಲ್ಲ! ಮಾಸ್ತರ, ಇದು ಆಯಿಲ್ ಇಂಜಿನ್ನಿನ ಗವರ್ನರ್ ರೀ. ಸ್ಪೀಡ್ ಏರಿದ್ರ ಗುಂಡು ಅಗಲಾಗಿ ಡೀಸೆಲ್ ಕಡಿಮಿ ಮಾಡತೈತಲ್ಲ, ಅದ.

ಮಾಸ್ತರ: ಅದ. 10-11 ಮೀಟರ್ ಗಾಳಿಗೆ ಮಡಚಾಕ ಚಾಲೂ ಆಗಬೇಕು. ಬಾಲ ಭಾರ ಹೆಚ್ಚಾದ್ರ ಮಡಚೂದಿಲ್ಲ, ಕಾಯಿಲ್ ಸುಡತೈತಿ. ಹಗುರಾದ್ರ ಸಣ್ಣ ಗಾಳಿಗೇ ಮಾರಿ ತಿರುಗಿಸಿ ನಿಲ್ಲತೈತಿ, ಕರೆಂಟಿಲ್ಲ.

ಮಿಸ್ತ್ರಿ: ಬಿಜಾಗ್ರಿ ಓರಿ ನನಗ ಬಿಡ್ರಿ. ಟ್ರ್ಯಾಲಿಗೆ ಎಂಥೆಂಥಾ ಓರಿ ವೆಲ್ಡ್ ಮಾಡೀನಿ. ಬಾಲದ ಹಲಗಿಗೆ ಎರಡು ಮೂರು ತೂತು ಬಿಡೂಣು, ನಟ್ಟು ಬೋಲ್ಟು ಸೇರಿಸಿ ತೂಕ ಹೆಚ್ಚು ಕಡಿಮಿ ಮಾಡೂ ಹಂಗ. ಕೈಯಿಂದ ನಿಲ್ಲಸೂದು ಹ್ಯಾಂಗ?

ಮಾಸ್ತರ: ಕೆಳಗ ಒಂದು ಸ್ವಿಚ್. ಜನರೇಟರಿಂದ ಬರೂ ಮೂರು ತಂತಿನೂ ಕೂಡಿಸಿ ಶಾರ್ಟ್ ಮಾಡಿದ್ರ ಅದು ಬಿಗಿ ಆಗಿ ಚಕ್ರ ನಿಧಾನಾಗತೈತಿ. ಬಿರುಗಾಳಿ ಬರೂಕಿಂತ ಮೊದಲ ಮಾಡಬೇಕು. ಜೋರಾಗಿ ತಿರುಗೂ ಮುಂದ ಮಾಡಿದ್ರ ಕಾಯಿಲ್ ಕಾಯತೈತಿ, ಚಕ್ರ ನಿಲ್ಲದೇನೂ ಇರಬಹುದು. ಇನ್ನೊಂದು, ತಿರುಗೂ ಮುಂದ ಬ್ಯಾಟರಿ ತಂತಿ ಕಳಚಲೇಬಾರದು. ಹೊರೆ ಇಲ್ಲದ ಚಕ್ರ ಹುಚ್ಚು ಕುದುರಿ ಆಗತೈತಿ. ಅದಕ್ಕ ಬ್ಯಾಟರಿ ತುಂಬಿದ ಮ್ಯಾಲ ಕರೆಂಟ್ ಹೋಗಾಕ ಒಂದು ಹೀಟರ್ ಕಾಯಿಲ್ ಇಟ್ಟಿರತಾರ.

ಮಿಸ್ತ್ರಿ: ನೀರು ಕಾಸ್ರಿ ಅದರಾಗ. ಮಳೆಗಾಲದಾಗ ಜಳಕಕ್ಕ ಆತು. ಈಗ ಜನರೇಟರಿಂದು ಹೇಳ್ರಿ. ಹಳೆ ಕಾರಿನ ಅಲ್ಟರ್ನೇಟರ್ ಗುಜರಿಯಾಗ ಬೇಕಾದಷ್ಟು ಸಿಗತಾವ.

ಮಾಸ್ತರ: ಎಲ್ಲಾರೂ ಮೊದಲು ಅದನ್ನ ಹೇಳತಾರ. ಅದು ನಿಮಿಷಕ್ಕ ಸಾವಿರದ ಮ್ಯಾಲ ಸುತ್ತು ತಿರುಗಿದ್ರ ಕೆಲಸಕ್ಕ ಬರತೈತಿ, ಮತ್ತ ಅದರ ಫೀಲ್ಡಿಗೆ ಬ್ಯಾಟರಿಯಿಂದ ಕರೆಂಟ್ ಕೊಡಬೇಕು. ನಮ್ಮ ಚಕ್ರ ಸಣ್ಣ ಗಾಳಿಗೆ ನಿಮಿಷಕ್ಕ 165 ಸುತ್ತು ಹಾಕತೈತಿ. ಗಿಯರ್ ಅಥವಾ ಬೆಲ್ಟ್ ಹಾಕಿದ್ರ ಸಿಕ್ಕ ಇಪ್ಪತ್ತು ವ್ಯಾಟನ್ನ ಅದ ತಿಂತೈತಿ.

ಮಿಸ್ತ್ರಿ: ಹಂಗಾರ ನಿಧಾನ ತಿರುಗೂ ಜನರೇಟರ್ ನಾವ ಮಾಡಬೇಕು.

ಮಾಸ್ತರ: ಎರಡು ಕಬ್ಬಿಣದ ತಟ್ಟಿ. ಒಂದೊಂದರ ಮ್ಯಾಲ ಹನ್ನೆರಡು ನಿಯೋಡಿಮಿಯಮ್ ಮ್ಯಾಗ್ನೆಟ್, ಉತ್ತರ-ದಕ್ಷಿಣ ಒಂದು ಬಿಟ್ಟೊಂದು. ಎರಡೂ ತಟ್ಟಿ ಎದುರುಬದುರು ತಿರುಗತಾವ. ನಡುವ ತಿರುಗದ ಒಂದು ತಟ್ಟಿ, ಅದರಾಗ ಒಂಬತ್ತು ತಾಮ್ರದ ಕಾಯಿಲ್, ರೆಸಿನ್ ಹಾಕಿ ಎರಕ ಹೊಯ್ದದ್ದು. ಮೂರು ಮೂರು ಕಾಯಿಲ್ ಕೂಡಿಸಿದ್ರ ತ್ರೀಫೇಸ್. ಕಾಯಿಲ್ ನಡುವ ಕಬ್ಬಿಣ ಇಲ್ಲದ್ದಕ್ಕ ಮ್ಯಾಗ್ನೆಟ್ ಹಿಡದು ಜಗ್ಗೂದಿಲ್ಲ, ಸಣ್ಣ ಗಾಳಿಗೂ ಚಕ್ರ ಏಳತೈತಿ.

ಮಿಸ್ತ್ರಿ: ತಿರುಗೂ ತಟ್ಟಿ ಟ್ರ್ಯಾಲಿ ಹಬ್ಬಿನ ಮ್ಯಾಲ ಕೂಡಸೂಣು. ನಾಕು ಟನ್ ಕಬ್ಬು ಹೊತ್ತ ಬೇರಿಂಗ್, ನಿಮ್ಮ ಎಂಟು ಫೂಟಿನ ರೆಕ್ಕಿಗೆ ಅಂಜೂದಿಲ್ಲ. ತಟ್ಟಿ ಲೇಥಿನ ಮ್ಯಾಲ ನಾ ಹೊಡಿತೀನಿ. ಕಾಯಿಲ್ ಸುತ್ತಾಕ ಬಾಜೂಕಿನ ಹುಡುಗ ಅದಾನ. ವೋಲ್ಟೇಜ್ ಏರಿಳಿದು ಬ್ಯಾಸಗಿಗೆ ಎಷ್ಟ ಮೋಟಾರ್ ಸುಡತಾವ ನಮ್ಮ ಕಡೆ! ಕೆಟ್ಟ ಕರೆಂಟ್ ನಮಗ ಊರೂರಿಗೆ ಒಬ್ಬೊಬ್ಬ ವೈಂಡರ್ ಕೊಟ್ಟೈತಿ ನೋಡ್ರಿ. ಬ್ಯಾಟರಿ 12 ವೋಲ್ಟಿಂದೋ 24ದೋ?

ಮಾಸ್ತರ: 24. ಸುತ್ತು ಎರಡು ಪಟ್ಟು, ತಂತಿ ಸಣ್ಣದು. ಕಂಬದ ಮ್ಯಾಲಿಂದ ಮನಿ ತನಕ ಕೇಬಲ್‌ದಾಗ ಆಗೂ ನಷ್ಟ ಕಡಿಮಿ. ಒಂದು ಜಾಗ್ರತಿ ಹೇಳತೀನಿ. ಈ ಮ್ಯಾಗ್ನೆಟ್ ಸ್ಪೀಕರಿನ ಮ್ಯಾಗ್ನೆಟ್ ಅಲ್ಲ. ಎರಡು ತಟ್ಟಿ ನಡುವ ಬೆರಳು ಸಿಕ್ಕರ ಎಲುಬು ಉಳಿಯೂದಿಲ್ಲ. ಮೂರು ಉದ್ದನ್ನ ಬೋಲ್ಟ್ ಹಾಕಿ, ಸ್ವಲ್ಪ ಸ್ವಲ್ಪ ತಿರುಗಿಸಿ ಮ್ಯಾಲಿನ ತಟ್ಟಿ ಇಳಿಸಬೇಕು. ರೆಸಿನ್ನಿಗೆ ಹಾರ್ಡನರ್ ಹೆಚ್ಚು ಸುರುವಿದ್ರ ಕಾದು ಬಿರಿತೈತಿ.

ಮಿಸ್ತ್ರಿ: ರೆಕ್ಕಿ ಮೂರ ಯಾಕ? ನೀರೆತ್ತೂ ಹಳೆ ಗಾಳಿಯಂತ್ರಕ್ಕ ಡಜನ್‌ಗಟ್ಟಲೆ ರೆಕ್ಕಿ ಇರತಿದ್ದವಲ್ಲ.

ಮಾಸ್ತರ: ಬೆಂಗಳೂರಿನ ಎನ್‌ಎಎಲ್ ಅನ್ನೂ ವಿಮಾನ ಪ್ರಯೋಗಾಲಯದವರು 1960ರ ದಶಕದಾಗ ನೀರೆತ್ತಾಕ ಮಾಡಿದ್ದು ಅಂಥಾದ್ದ. ಪಂಪಿಗೆ ನಿಂತಲ್ಲಿಂದ ಎತ್ತೂ ತಾಕತ್ತು ಬೇಕು, ಓಟ ಬ್ಯಾಡ. ನಮಗ ಓಟ ಬೇಕು. ರೆಕ್ಕಿ ಕಡಿಮಿ ಇದ್ದಷ್ಟೂ ಓಟ ಹೆಚ್ಚು. ಮೂರಾದ್ರ ಚಕ್ರ ಗಾಳಿ ಕಡೆ ತಿರುಗೂ ಮುಂದ ಅಲುಗಾಡೂದಿಲ್ಲ, ಎರಡಾದ್ರ ಅಲುಗತೈತಿ. ತುದಿ ಗಾಳಿಕಿಂತ ಏಳು ಪಟ್ಟು ಜೋರಾಗಿ ಓಡತೈತಿ. 10 ಮೀಟರ್ ಗಾಳಿಗೆ ತುದಿ ತಾಸಿಗೆ 250 ಕಿಲೋಮೀಟರ್.

ಮಿಸ್ತ್ರಿ: ಅಬ್ಬಾ! ಹಂಗಾರ ಪಿವಿಸಿ ಪೈಪ್ ಸೀಳಿ ರೆಕ್ಕಿ ಮಾಡೂದು ಬ್ಯಾಡ. ಬಿಸಿಲಿಗೆ ಪೆಡಸಾಗಿ ಒಂದಿನ ಸಿಡದು ಯಾರದೋ ತಲಿ ಮ್ಯಾಲ ಬೀಳತೈತಿ. ಕಟ್ಟಿಗಿ ರೆಕ್ಕಿ ಕೆತ್ತಸೂಣು. ಜಾಲಿ ಭಾರ. ಗಂಟಿಲ್ಲದ ಹಗುರ ತ್ಯಾಗ ಸಿಕ್ಕರ ಚಲೋ. ನಮ್ಮ ಬಡಿಗೇರ ಕೂರಗಿ ಮಾಡೂ ಕೈಯಿಂದ ಕೆತ್ತತಾನ, ಆದ್ರ ಅವಂಗ ಅಳತಿ ಪಕ್ಕಾ ಬರಕೊಡ್ರಿ. ಬುಡದಾಗ ಅಗಲ, ಓರಿ ಹೆಚ್ಚು. ತುದಿಗೆ ಸಣ್ಣ, ಓರಿ ಕಡಿಮಿ. ಹೌದಲ್ಲ?

ಮಾಸ್ತರ: ಹೌದು. ಮೂರೂ ಒಂದ ತೂಕ ಇರಬೇಕು.

ಮಿಸ್ತ್ರಿ: ಅದೂ ಹೇಳಬೇಕೇನ್ರಿ? ಮಾಸ್ತರ, ನಿಮಗಿಂತ ಮೊದಲು ಯಾರರ ಸಾಲಿ ಮಾಸ್ತರು ಈ ಉಸಾಬರಿಗೆ ಬಿದ್ದಾರೇನು?

ಮಾಸ್ತರ: ಬಿದ್ದಾರ. ಡೆನ್ಮಾರ್ಕಿನ ಅಸ್ಕೋವ್ ಅನ್ನೂ ಹಳ್ಳಿ ಸಾಲ್ಯಾಗ ಪೌಲ್ ಲಾ ಕೂರ್ ಅಂತ ವಿಜ್ಞಾನದ ಮಾಸ್ತರ ಇದ್ದ. 1891ರಾಗ ಗಾಳಿಯಂತ್ರ ನಿಲ್ಲಿಸಿ ಕರೆಂಟ್ ತಗದ. ಗಾಳಿ ಇಲ್ಲದ ದಿನಕ್ಕ ಕೂಡಿಡಾಕ ಆ ಕರೆಂಟಿಂದ ನೀರು ಒಡದು ಹೈಡ್ರೋಜನ್ ಮಾಡಿ, ಅದರಿಂದ ಸಾಲಿಗೆ ದೀಪ ಹಚ್ಚಿದ.

ಮಿಸ್ತ್ರಿ: ಹೈಡ್ರೋಜನ್? ಢಂ ಅಂದಿರಬೇಕು.

ಮಾಸ್ತರ: ಅಂತು. ಕಿಡಕಿ ಗಾಜು ಒಡದು ಹೊಸಾವ್ನ ಹಾಕಿಸಿದ್ರು, ಒಂದ ಸಲ ಅಲ್ಲ. ಆದ್ರೂ ಬಿಡಲಿಲ್ಲ. ಹಳ್ಳಿ ಹುಡುಗರಿಗೆ ಎಲೆಕ್ಟ್ರಿಷಿಯನ್ ಕೆಲಸ ಕಲಿಸಿದ. ಅವನ ಕಡೆ ಕಲ್ತ ಯೊಹಾನೆಸ್ ಯೂಲ್ ಅನ್ನಂವ 1957ರಾಗ ಗೆಡ್ಸರ್ ಅನ್ನೂ ಊರಾಗ 200 ಕಿಲೋವ್ಯಾಟಿಂದು ಕಟ್ಟಿದ, ಮೂರು ರೆಕ್ಕಿದು. ಅದರ ದೊಡ್ಡ ಗುಣ ಏನು ಗೊತ್ತೇನು? ಓಟ ಹದ್ದು ಮೀರಿದ್ರ ರೆಕ್ಕಿ ತುದಿ ತಾನ ಹೊರಳಿ ಬ್ರೇಕ್ ಹಾಕತಿತ್ತು. ಅದು ಹತ್ತು ವರ್ಷ ಓಡಿತು.

ಮಿಸ್ತ್ರಿ: ಮತ್ತ ಬಂತು ನೋಡ್ರಿ, ನಿಲ್ಲಸೂದು!

ಮಾಸ್ತರ: 1970ರ ದಶಕದಾಗ ಪೆಟ್ರೋಲ್ ತುಟ್ಟಿ ಆದಾಗ ರೀಸಾಗರ್ ಅಂತ ಒಬ್ಬ ಡ್ಯಾನಿಶ್ ಬಡಗಿ ಗೆಡ್ಸರಿಂದ ನೋಡಿ 22 ಕಿಲೋವ್ಯಾಟಿಂದು ಮಾಡಿ ಮಾರಿದ. ಡೆನ್ಮಾರ್ಕಿನ ಗಾಳಿಯಂತ್ರದ ಉದ್ಯೋಗ ಇಂಥ ಕಮ್ಮಾರ, ಬಡಗಿಗಳ ಶೆಡ್ಡಿನಿಂದ ಎದ್ದದ್ದು.

ಮಿಸ್ತ್ರಿ: ನಮ್ಮಲ್ಲೂ ಇದ್ರಲ್ರಿ. ಲಕ್ಷ್ಮಣರಾವ್ ಕಿರ್ಲೋಸ್ಕರ ಹುಟ್ಟಿದ್ದು ನಮ್ಮ ಜಿಲ್ಲಾದ ಗುರ್ಲಹೊಸೂರಾಗ, 1869ರಾಗ. ಬೆಳಗಾವ್ಯಾಗ ಸೈಕಲ್ ಅಂಗಡಿ ಹಾಕಿ ಚಾಲೂ ಮಾಡಿದವರು. ಕಬ್ಬಿಣದ ನೇಗಲಾ ಮಾಡಿದ್ರ, ಕಬ್ಬಿಣ ನೆಲಕ್ಕ ವಿಷ ಅಂತ ರೈತರು ಮುಟ್ಟಲಿಲ್ಲ. ಮೊದಲನೇದು ಮಾರಾಕ ಎರಡು ವರ್ಷ ಹಿಡೀತು ಅಂತಾರ. 1910ರಾಗ ಔಂಧ್ ಸಂಸ್ಥಾನದ ರಾಜರು ಜಾಗಾ ಕೊಟ್ಟ ಮ್ಯಾಲ ಕಿರ್ಲೋಸ್ಕರವಾಡಿ.

ಮಾಸ್ತರ: ಹೊಸಾದಕ್ಕ ಅಂಜೂದು ಎಲ್ಲಾ ಕಡೆ ಐತ್ರಿ. 1887ರಾಗ ಸ್ಕಾಟ್ಲೆಂಡಿನ ಜೇಮ್ಸ್ ಬ್ಲೈತ್ ಗಾಳಿ ಕರೆಂಟಿಂದ ತನ್ನ ಮನಿಗೆ ದೀಪ ಹಚ್ಚಿಕೊಂಡು, ಉಳದದ್ದನ್ನ ಊರ ಬೀದಿಗೆ ಕೊಡತೀನಿ ಅಂದ್ರ, ಇದು ಸೈತಾನನ ಕೆಲಸ ಅಂತ ಊರವರು ಬ್ಯಾಡಂದ್ರು. ಅದ ವರ್ಷ ನಮ್ಮ ಗೋಕಾಕದ ಗಿರಣಿ ಫಾಲ್ಸಿನ ನೀರಿನ ಮ್ಯಾಲ ತಿರುಗಾಕ ಹತ್ತಿತು.

ಮಿಸ್ತ್ರಿ: ಇವೆಲ್ಲಾ ದೊಡ್ಡ ಮಂದಿ ಕತಿ. ನಮ್ಮಂಥವರು?

ಮಾಸ್ತರ: ಅಸ್ಸಾಮಿನ ದರ್ರಾಂಗ್ ಜಿಲ್ಲಾದಾಗ ಅಣ್ಣತಮ್ಮರಿಬ್ಬರು ಭತ್ತದ ಗದ್ದಿಗೆ ನೀರು ಹಾಯಿಸಾಕ ಬಿದಿರಿನ ಗಾಳಿಯಂತ್ರ ಕಟ್ಟಿದ್ರು. ಅದನ್ನ ಸುಧಾರಿಸಿ ಗುಜರಾತಿನ ಉಪ್ಪಿನ ಗದ್ದಿಗೆ ಒಯ್ದಾರ. ಅಲ್ಲಿ ಉಪ್ಪುನೀರು ಎತ್ತಾಕ ಡೀಸೆಲ್ ಸುಡತಿದ್ರು.

ಮಿಸ್ತ್ರಿ: ಇದು ಸೇರಿತು. ಡೀಸೆಲ್ ಉಳೀತು ಅನ್ನೂದು ಲೆಕ್ಕ. ಈಗ ಕಂಬದ ಮಾತಿಗೆ ಬರ್ರಿ. ನಿಮ್ಮ ತೋಟ ಎಲ್ಲಿ ಬರತೈತಿ, ಹೊಳಿ ದಂಡಿಗೇನು?

ಮಾಸ್ತರ: ಇಲ್ಲ, ಮ್ಯಾಲ ಏರಿಗೆ. ಸುತ್ತ ಕಬ್ಬು, ಬದುವಿಗೆ ನಾಕು ಬೇವಿನ ಗಿಡ.

ಮಿಸ್ತ್ರಿ: ಚಲೋ ಆತು. ಕೃಷ್ಣಾ, ದೂಧಗಂಗಾ ದಂಡಿಗಾದ್ರ ನಾ ಒಲ್ಲೆ ಅಂತಿದ್ದೆ. 2019ರ ಮಹಾಪೂರ ನೋಡೀವಿ. ಅಲ್ಲಿ ತೆಂಗು, ಗಿಡ ಹೆಚ್ಚು, ಗಾಳಿ ಸುತ್ತಿ ಸುತ್ತಿ ಬರತೈತಿ. ನಿಪ್ಪಾಣಿ ಹತ್ರ ಸ್ತವನಿಧಿ ಘಾಟ ಏರೂ ಮುಂದ ಖಾಲಿ ಟೆಂಪೊ ಅಳ್ಳಾಡೂ ಹಂಗ ಗಾಳಿ ಬಡಿತೈತಿ. ಅಥಣಿ ಆಚೆ ಬಯಲು, ಅಡ್ಡ ಏನೂ ಇಲ್ಲ. ನಿಮ್ಮದು ನಡುವಿಂದು. ಕಂಬ ಎಷ್ಟೆತ್ತರ?

ಮಾಸ್ತರ: ಸುತ್ತ ನೂರು ಮೀಟರಿನ ಒಳಗ ಇರೂ ಗಿಡ, ಮನಿಗಿಂತ 9 ಮೀಟರ್ ಮ್ಯಾಲ ಇರಬೇಕು ಅಂತಾರ. ಬೇವಿನ ಗಿಡ ಲೆಕ್ಕಕ್ಕ ಹಿಡದ್ರ ಕಂಬ 15 ಮೀಟರ್ ದಾಟತೈತಿ.

ಮಿಸ್ತ್ರಿ: ಬೇವು ಕಡಿಯೂದು ಬ್ಯಾಡ, ಅದರಿಂದ ದೂರ ನಿಲ್ಲಸ್ರಿ. 12 ಮೀಟರಿನ ಪೈಪು, ಬುಡಕ್ಕ ಬಿಜಾಗ್ರಿ, ನಾಕು ಕಡೆ ಸ್ಟೇ ತಂತಿ. ರಿಪೇರಿಗೆ ಚೈನ್ ಪುಲ್ಲಿ ಹಚ್ಚಿ ಕಂಬಾನ ಮಲಗಿಸೂಣು, ಯಾರೂ ಮ್ಯಾಲ ಹತ್ತೂದು ಬ್ಯಾಡ. ಮಲಗಿದಾಗ ಹೆಸ್ಕಾಂ ಲೈನಿಗೆ ತಾಗಬಾರದು, ಅದನ್ನ ಮೊದಲು ಅಳೀರಿ. ನಿಮ್ಮ ಮಣ್ಣು ಎರಿ ಅಲ್ಲ?

ಮಾಸ್ತರ: ಕರಿ ಎರಿ.

ಮಿಸ್ತ್ರಿ: ಅದ ಅಂಜಿಕಿ. ಎರಿ ಬ್ಯಾಸಗಿಗೆ ಬಿರಿತೈತಿ, ಮಳಿಗೆ ಉಬ್ಬತೈತಿ. ಬ್ಯಾಸಗಿಗೆ ಬಿಗದ ಸ್ಟೇ ಆಷಾಢಕ್ಕ ಸಡಲು, ಅಂದ್ರ ಗಾಳಿ ಜೋರಿದ್ದಾಗನ ಸಡಲು! ಎರಿ ಪೂರಾ ತಗದು ಕೆಳಗ ಗರಸು ಸಿಗೂ ತನಕ ಅಗದು, ಅಲ್ಲಿ ಕಾಂಕ್ರೀಟ್ ಹಾಕಿ ಆ್ಯಂಕರ್ ಹುಗೀಬೇಕು. ಟರ್ನ್‌ಬಕಲ್ ಹಾಕೂಣು, ಮಿರಗಕ್ಕೊಮ್ಮೆ, ನಾಗರ ಪಂಚಮಿಗೊಮ್ಮೆ ಬಿಗಿ ಮಾಡಾಕ. ಪಂಚಮಿ ಜೋಕಾಲಿ ಕಟ್ಟಾಕ ಬರೂ ಹುಡುಗರು ಸ್ಟೇ ತಂತಿಗೆ ಜೋತು ಬೀಳಧಂಗ ಬೇಲಿ ಹಾಕ್ರಿ.

ಮಾಸ್ತರ: ಎಲ್ಲಾ ಹಿಡದು ಖರ್ಚು?

ಮಿಸ್ತ್ರಿ: ಮ್ಯಾಗ್ನೆಟ್ಟು, ತಾಮ್ರ ಹೊಸಾದು. ಹಬ್ಬು, ಪೈಪು, ತಟ್ಟಿ ಗುಜರಿಯಾಗ ಸಿಗತಾವ. ಆದ್ರ ಕಂಬ, ಕಾಂಕ್ರೀಟು, ಸ್ಟೇ ತಂತಿಗೆ ಯಂತ್ರಕ್ಕಿಂತ ಹೆಚ್ಚು ಹೋಗತೈತಿ. ಮಂದಿ ಅಲ್ಲೇ ಕಂಜೂಸ ಮಾಡಿ ಮನಿ ಮಾಳಿಗಿ ಮ್ಯಾಲ ಕೂಡಸತಾರ. ಗಾಳಿ ಸಿಗೂದಿಲ್ಲ, ರಾತ್ರಿಯೆಲ್ಲಾ ಗರಗರ ಸಪ್ಪಳ, ಗ್ವಾಡಿ ಬಿರುಕು.

ಮಾಸ್ತರ: ಈ ಮಿರಗಕ್ಕ ಮುಗೀತೈತೇನು?

ಮಿಸ್ತ್ರಿ: ನನ್ನ ಕೇಳಿದ್ರ, ಈ ವರ್ಷ ಕಂಬ ಅಷ್ಟ ನಿಲ್ಲಸ್ರಿ. ತುದಿಗೆ ಗಾಳಿ ಅಳಿಯೂ ಸಣ್ಣ ಮೀಟರ್ ಕಟ್ಟಿ ನಿಮ್ಮ ಸಾಲಿ ಹುಡುಗರ ಕಡೆ ಆಷಾಢ, ಶ್ರಾವಣ ಬರಸ್ರಿ. ಎಷ್ಟು ತಾಸು 3 ಮೀಟರಿನ ಗಾಳಿ, ಎಷ್ಟು ತಾಸು 6 ಮೀಟರಿಂದು ಅಂತ ಹಾಳಿ ಮ್ಯಾಲ ಬಂದ್ರ, ಬರೂ ವರ್ಷ ಮಾಡಬೇಕೋ ಇಲ್ಲೋ ಅಂತ ಅದ ಹೇಳತೈತಿ. ಸ್ಟೇ ಎಷ್ಟ ಸಡಲಾಗತೈತಿ ಅನ್ನೂದೂ ಗೊತ್ತಾಗತೈತಿ.

ಮಾಸ್ತರ: ಒಂದು ವರ್ಷ ಕಾಯೂದಾ? ಮಗಳು ಹತ್ತನೇತ್ತ ಈ ವರ್ಷ.

ಮಿಸ್ತ್ರಿ: ಹಂಗಾರ ಅಕಿ ಓದಾಕ ಸೋಲಾರಿಗೆ ಇನ್ನೊಂದು ಬ್ಯಾಟರಿ ಜೋಡಸ್ರಿ, ಅದಕ್ಕ ಗಾಳಿ ಕಾಯೂದು ಬ್ಯಾಡ. ಕಂಬದ ಕೆಲಸಕ್ಕ ನಾಳೆ ಬರತೀನಿ, ಗುದ್ದಲಿ ಹಿಡಿಯಾಕ ಇಬ್ಬರನ್ನ ಇಟ್ಟಿರ್ರಿ. ಗರಸು ಎಷ್ಟ ಆಳಕ್ಕ ಸಿಗತೈತಿ ನೋಡೂಣು. ಬಾಲದ ಬಿಜಾಗ್ರಿ ನಾ ಈ ವಾರ ವೆಲ್ಡ್ ಮಾಡಿ ಇಡತೀನಿ. ಮ್ಯಾಗ್ನೆಟ್ಟಿಗೆ ಇನ್ನ ರೊಕ್ಕ ಕಳಸಬ್ಯಾಡ್ರಿ.